ಬೇಲಿ ತಾನಾಗಿ ಎದ್ದು ಹೊಲ ಮೇಯುವುದಿಲ್ಲ

ಅಜ್ಜಿ ಮೊಮ್ಮಗುವಿಗೆ ಅನ್ನ ಕಲಸುತ್ತಾಳೆ. ಬಿಸಿ ಎಷ್ಟಿದೆ ಅಂತ ನೋಡಲು ಒಂದು ತುತ್ತು ತನ್ನ ಬಾಯಿಗೆ ಹಾಕಿಕೊಳ್ಳುತ್ತಾಳೆ. ಅದೇ ಬೆರಳಿನಿಂದ ಮುಂದಿನ ತುತ್ತು ಮಗುವಿನ ಬಾಯಿಗೆ. ಆಮೇಲೆ ಕೆನ್ನೆಗೊಂದು ಮುತ್ತು. ಎಂಜಲಿನ ವಿಷಯದಲ್ಲಿ ನಾವು ಎಷ್ಟೇ ಮಡಿ ಮಾಡಿದರೂ ಮಕ್ಕಳ ಮುಂದೆ ಅದು ನಡೆಯುವುದಿಲ್ಲ. ಎಪ್‌ಸ್ಟೀನ್-ಬಾರ್ ಅನ್ನುವ ವೈರಸ್‌ಗೆ ಬೇಕಾಗಿರುವುದೂ ಇಷ್ಟೇ. ಎಂಜಲೇ ಅದರ ದಾರಿ.

ಜಗತ್ತಿನ ವಯಸ್ಕರಲ್ಲಿ ನೂರಕ್ಕೆ 90ಕ್ಕಿಂತ ಜಾಸ್ತಿ ಜನರ ಮೈಯಲ್ಲಿ ಈ ವೈರಸ್ ಇದೆ. ನನ್ನಲ್ಲೂ ಇರಬೇಕು, ನಿಮ್ಮಲ್ಲೂ ಇರಬೇಕು. ಒಮ್ಮೆ ಬಂದರೆ ಸಾಯುವ ತನಕ ಬಿಟ್ಟು ಹೋಗುವುದಿಲ್ಲ. ಅದು ಬಿಡಾರ ಹೂಡುವುದು ಬಿ ಕೋಶಗಳಲ್ಲಿ. ಬಿ ಕೋಶ ಅಂದರೆ ಸೋಂಕಿನ ವಿರುದ್ಧ ಪ್ರತಿಕಾಯ ತಯಾರಿಸುವ ಬಿಳಿ ರಕ್ತಕಣ. ಕಳ್ಳ ಹೋಗಿ ಪೊಲೀಸ್ ಠಾಣೆಯಲ್ಲೇ ಮಲಗಿದ ಹಾಗೆ. ಹೆಚ್ಚಿನವರಿಗೆ ಇದರಿಂದ ಏನೂ ಆಗುವುದಿಲ್ಲ. ಕೆಲವರಲ್ಲಿ ಮಾತ್ರ ಅದೇ ಬಿ ಕೋಶ ಹದ್ದು ಮೀರಿ ಬೆಳೆದು ಲಿಂಫೋಮಾ ಅನ್ನುವ ಕ್ಯಾನ್ಸರ್ ಆಗುತ್ತದೆ.

ಬೇಲಿಯೇ ಎದ್ದು ಹೊಲ ಮೇಯ್ದಂತೆ ಅನ್ನುವ ಗಾದೆ ಇಲ್ಲಿ ತಟ್ಟನೆ ನೆನಪಾಗುತ್ತದೆ. ನನಗೂ ಆಯಿತು. ಆದರೆ ಸ್ವಲ್ಪ ಹತ್ತಿರದಿಂದ ನೋಡಿದರೆ ಬೇಲಿ ತಾನಾಗಿ ಏಳುವುದಿಲ್ಲ, ವೈರಸ್ ಒಂದೇ ಅದನ್ನು ಎಬ್ಬಿಸುವುದೂ ಇಲ್ಲ. ಇನ್ನೊಬ್ಬರ ಕೈ ಬೇಕು.

ಈ ಕಥೆ ಶುರುವಾಗುವುದು ಉಗಾಂಡದಲ್ಲಿ. ಡೆನಿಸ್ ಬರ್ಕಿಟ್ ಅನ್ನುವ ಐರಿಷ್ ಸರ್ಜನ್ ಕಂಪಾಲಾದ ಮುಲಾಗೊ ಆಸ್ಪತ್ರೆಯಲ್ಲಿದ್ದರು. 1957ರಲ್ಲಿ ಅವರಿಗೆ ಒಬ್ಬ ಪುಟ್ಟ ಹುಡುಗನನ್ನು ತೋರಿಸಿದರು. ದವಡೆಯ ನಾಲ್ಕೂ ಮೂಲೆ ಊದಿತ್ತು. ಹಲ್ಲಿನ ಸೋಂಕಾದರೆ ಒಂದು ಕಡೆ ಊದಬೇಕು, ಇದೇನು ನಾಲ್ಕೂ ಕಡೆ ಅಂತ ಅವರಿಗೆ ತಲೆ ಕೆಟ್ಟಿತು. ಕೆಲವು ವಾರ ಕಳೆದ ಮೇಲೆ ಜಿಂಜಾ ಊರಿನ ಆಸ್ಪತ್ರೆಯ ಕಿಟಕಿಯಿಂದ ಸುಮ್ನೆ ಹೊರಗೆ ನೋಡಿದಾಗ ಅಂಥದೇ ಮುಖದ ಇನ್ನೊಂದು ಮಗು ಕಂಡಿತು. ಎರಡನೆಯದನ್ನು ಕಂಡ ಮೇಲೆ ಅವರು ಸುಮ್ಮನಿರಲಿಲ್ಲ. ದಾಖಲೆ ತೆಗೆದು ನೋಡಿದರು, ಬೇರೆ ಬೇರೆ ಆಸ್ಪತ್ರೆಗಳಿಗೆ ಕಾಗದ ಬರೆದರು. 1961ರ ಕೊನೆಯಲ್ಲಿ ಇಬ್ಬರು ಗೆಳೆಯರ ಜತೆ ಹಳೆಯ ಫೋರ್ಡ್ ವ್ಯಾನ್ ಹತ್ತಿ ಪೂರ್ವ ಆಫ್ರಿಕಾದುದ್ದಕ್ಕೂ ಹೊರಟೇಬಿಟ್ಟರು. 10 ವಾರ, ಸುಮಾರು 10,000 ಮೈಲಿ. ದಾರಿಯಲ್ಲಿ ಸಿಕ್ಕ ಆಸ್ಪತ್ರೆಗಳಲ್ಲೆಲ್ಲ ಅವರು ಕೇಳಿದ್ದು ಒಂದೇ ಪ್ರಶ್ನೆ: ಇಂಥ ಮಗುವನ್ನು ನೋಡಿದ್ದೀರಾ?

ಉತ್ತರಗಳನ್ನು ನಕ್ಷೆಯ ಮೇಲೆ ಇಟ್ಟಾಗ ಒಂದು ಪಟ್ಟಿ ಮೂಡಿತು. ಬಿಸಿಲು ಮತ್ತು ಮಳೆ ಎರಡೂ ಇರುವ ಕಡೆ ಈ ಗಡ್ಡೆ (ಈಗ ಬರ್ಕಿಟ್ ಲಿಂಫೋಮಾ ಅಂತ ಕರೆಯುವ ಬಿ ಕೋಶದ ಕ್ಯಾನ್ಸರ್) ಇದೆ. ತಂಪಾದ ಎತ್ತರದ ಊರುಗಳಲ್ಲಿಲ್ಲ, ಒಣ ಸೀಮೆಯಲ್ಲಿಲ್ಲ. ಅಂದರೆ ಸೊಳ್ಳೆ ಇರುವ ಕಡೆ ಇದೆ.

ಈ ಪ್ರವಾಸಕ್ಕೂ ಮೊದಲು, 1961ರ ಮಾರ್ಚ್‌ನಲ್ಲಿ, ಬರ್ಕಿಟ್ ಲಂಡನ್ನಿನ ಮಿಡಲ್‌ಸೆಕ್ಸ್ ಆಸ್ಪತ್ರೆಯಲ್ಲಿ ಒಂದು ಉಪನ್ಯಾಸ ಕೊಟ್ಟಿದ್ದರು. ಕೇಳಲು ಬಂದವರಲ್ಲಿ ಆಂಥನಿ ಎಪ್‌ಸ್ಟೀನ್ ಇದ್ದರು. ಕೋಳಿಗಳಿಗೆ ಕ್ಯಾನ್ಸರ್ ತರುವ ವೈರಸ್‌ಗಳ ಮೇಲೆ ಕೆಲಸ ಮಾಡಿದವರು. ಹವಾಮಾನದ ಜತೆ ಹೋಗುವ ಕ್ಯಾನ್ಸರ್ ಅಂದರೆ ಸೊಳ್ಳೆ ಯಾವುದೋ ವೈರಸ್ ಹೊತ್ತು ತರುತ್ತಿದೆ ಅಂತ ಅವರು ಊಹಿಸಿದರು. ಉಗಾಂಡದಿಂದ ಗಡ್ಡೆಯ ತುಣುಕುಗಳನ್ನು ತರಿಸಿಕೊಂಡು ಎರಡು ವರ್ಷಕ್ಕೂ ಮೀರಿ ಹುಡುಕಿದರು. ಏನೂ ಸಿಗಲಿಲ್ಲ.

1963ರ ಡಿಸೆಂಬರ್‌ನಲ್ಲಿ ಒಂದು ತುಣುಕು ಹೊತ್ತ ವಿಮಾನ ಮಂಜಿನಿಂದಾಗಿ ಲಂಡನ್ ಬಿಟ್ಟು ಮ್ಯಾಂಚೆಸ್ಟರ್‌ನಲ್ಲಿ ಇಳಿಯಿತು. ಸೀಸೆ ಕೈಸೇರುವ ಹೊತ್ತಿಗೆ ಒಳಗಿನ ದ್ರವ ಕದಡಿ ಬಿಳಿಚಾಗಿತ್ತು. ಬ್ಯಾಕ್ಟೀರಿಯಾ ಸೇರಿ ಕೆಟ್ಟಿದೆ ಅಂತ ಎಸೆಯುವುದೇ ಸರಿ. ಎಸೆಯುವ ಮುನ್ನ ಒಂದು ಹನಿ ಸೂಕ್ಷ್ಮದರ್ಶಕದ ಕೆಳಗಿಟ್ಟರೆ, ಕಂಡದ್ದು ಬ್ಯಾಕ್ಟೀರಿಯಾ ಅಲ್ಲ. ಗಡ್ಡೆಯಿಂದ ಉದುರಿ ತೇಲುತ್ತಿದ್ದ ಜೀವಂತ ಕ್ಯಾನ್ಸರ್ ಕೋಶಗಳು! ಗಟ್ಟಿ ತುಣುಕಿನಲ್ಲಿ ಬೆಳೆಯದೆ ಸತಾಯಿಸಿದ್ದ ಕೋಶಗಳು ಹೀಗೆ ತೇಲಲು ಬಿಟ್ಟಾಗ ಬೆಳೆದವು. ಮುಂದಿನ ಫೆಬ್ರವರಿಯಲ್ಲಿ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ವೈರಸ್ ಕಂಡಿತು. ಎಪ್‌ಸ್ಟೀನ್, ಬರ್ಟ್ ಅಚಾಂಗ್, ಇವೊನ್ ಬಾರ್ ಮೂವರೂ ಸೇರಿ 1964ರಲ್ಲಿ ಅದನ್ನು ಪ್ರಕಟಿಸಿದರು. ಮನುಷ್ಯರಲ್ಲಿ ಕ್ಯಾನ್ಸರ್‌ಗೆ ಕಾರಣವಾಗುವ ವೈರಸ್ ಕೈಗೆ ಸಿಕ್ಕಿದ್ದು ಅದೇ ಮೊದಲು. ಎಪ್‌ಸ್ಟೀನ್ ತೀರಿಕೊಂಡದ್ದು 2024ರ ಫೆಬ್ರವರಿಯಲ್ಲಿ, 102ನೇ ವಯಸ್ಸಿನಲ್ಲಿ.

ಇದರಲ್ಲಿ ನನಗೆ ತುಂಬಾ ಇಷ್ಟವಾಗುವುದು ಅವರ ತಪ್ಪು ಊಹೆ. ಈ ವೈರಸ್ ಸೊಳ್ಳೆಯಿಂದ ಬರುವುದೇ ಇಲ್ಲ. ಆಫ್ರಿಕಾದಲ್ಲಿ ಮಾತ್ರವೂ ಇಲ್ಲ. ಫಿಲಡೆಲ್ಫಿಯಾದಲ್ಲಿ ಹೆನ್ಲೆ ದಂಪತಿ ಪರೀಕ್ಷೆ ಮಾಡಿದಾಗ ಅಮೆರಿಕನ್ನರ ರಕ್ತದಲ್ಲೂ ಇದರ ಪ್ರತಿಕಾಯ ಸಿಕ್ಕಿತು. 1967ರಲ್ಲಿ ಅವರದೇ ಲ್ಯಾಬ್‌ನ ಒಬ್ಬ ತಂತ್ರಜ್ಞೆಗೆ ಜ್ವರ, ಗಂಟಲು ನೋವು ಬಂದು ಕುತ್ತಿಗೆಯ ಗ್ರಂಥಿಗಳು ಊದಿಕೊಂಡವು. ಮೊದಲು ಆಕೆಯ ರಕ್ತದಲ್ಲಿ ಈ ಪ್ರತಿಕಾಯ ಇರಲಿಲ್ಲ, ಕಾಯಿಲೆ ಬಿದ್ದ ಮೇಲೆ ಇತ್ತು. ಹರೆಯದವರನ್ನು ಕಾಡುವ, ಅಲ್ಲಿನವರು ‘ಮುತ್ತಿನ ಕಾಯಿಲೆ’ ಅಂತ ಕರೆಯುವ ಮೊನೊನ್ಯೂಕ್ಲಿಯೋಸಿಸ್‌ಗೆ ಕಾರಣ ಇದೇ ಅಂತ ಹಾಗೆ ತಿಳಿಯಿತು. ಚಿಕ್ಕಂದಿನಲ್ಲೇ ಸೋಂಕು ತಗುಲಿದರೆ ಸಾಮಾನ್ಯವಾಗಿ ಗೊತ್ತೇ ಆಗುವುದಿಲ್ಲ. ನಮ್ಮ ಕಡೆ ಈ ಕಾಯಿಲೆಯ ಹೆಸರು ಜಾಸ್ತಿ ಕೇಳಿಬರದಿರುವುದು ಅದಕ್ಕೇ. ಅಜ್ಜಿ ಮೊದಲೇ ಕೆಲಸ ಮುಗಿಸಿರುತ್ತಾಳೆ.

ಹಾಗಾದರೆ ನಕ್ಷೆಯಲ್ಲಿ ಸೊಳ್ಳೆ ಕಂಡದ್ದೇಕೆ? ಅದಕ್ಕೆ ಉತ್ತರ ಬಿ ಕೋಶದ ದಿನಚರಿಯಲ್ಲಿದೆ.

ಬಿ ಕೋಶ ಮೂರು ವಿಚಿತ್ರ ಕೆಲಸ ಮಾಡುತ್ತದೆ. ಶತ್ರು ಕಂಡಾಗ ಒಂದು ಕೋಶ ಸಾವಿರಾರು ಆಗುತ್ತದೆ. ಪ್ರತಿಕಾಯವನ್ನು ಇನ್ನಷ್ಟು ಹರಿತ ಮಾಡಲು ತನ್ನ ಡಿಎನ್‌ಎಯನ್ನೇ ಕತ್ತರಿಸಿ, ತಿದ್ದಿ, ಜೋಡಿಸಿಕೊಳ್ಳುತ್ತದೆ. ಕೆಲಸ ಮುಗಿದ ಮೇಲೆ ಕೆಲವು ಕೋಶಗಳು ‘ನೆನಪಿನ ಕೋಶ’ಗಳಾಗಿ ವರ್ಷಗಟ್ಟಲೆ ಬದುಕುತ್ತವೆ. ವೇಗವಾಗಿ ಹೆಚ್ಚುವುದು, ಡಿಎನ್‌ಎ ಬದಲಾಗುವುದು, ಸಾಯದೆ ಉಳಿಯುವುದು. ಬೇರೆ ಯಾವ ಕೋಶವಾದರೂ ಈ ಮೂರನ್ನು ಮಾಡಿದರೆ ನಾವು ಅದನ್ನು ಕ್ಯಾನ್ಸರ್ ಅಂತೀವಿ, ಅಲ್ವಾ? ಬಿ ಕೋಶಕ್ಕೆ ಇದು ನೌಕರಿ. ವೈರಸ್ ಬಂದು ಹೊಸ ವಿದ್ಯೆಯನ್ನೇನೂ ಕಲಿಸಬೇಕಾಗಿಲ್ಲ. ಇರುವ ಗುಂಡಿಯನ್ನು ಒತ್ತಿ ಹಿಡಿದರೆ ಸಾಕು.

ಎಪ್‌ಸ್ಟೀನ್-ಬಾರ್ ಮಾಡುವುದೂ ಅದನ್ನೇ. ಬಿ ಕೋಶದ ಮೈಮೇಲೆ ಸಿಡಿ21 ಅನ್ನುವ ಕೊಂಡಿ ಇರುತ್ತದೆ. ವೈರಸ್ ಅದಕ್ಕೆ ಸಿಕ್ಕಿಸಿಕೊಂಡು ಒಳಗೆ ನುಗ್ಗುತ್ತದೆ. ಸಾಮಾನ್ಯವಾಗಿ ಬಿ ಕೋಶ ಹೆಚ್ಚಬೇಕಾದರೆ ಎರಡು ಅಪ್ಪಣೆ ಬೇಕು. ಒಂದು, ಶತ್ರು ನಿಜವಾಗಿ ಸಿಕ್ಕಿದ್ದಾನೆ ಅನ್ನುವ ಸುದ್ದಿ. ಇನ್ನೊಂದು, ಪಕ್ಕದ ಟಿ ಕೋಶದ (ಇದೂ ಒಂದು ಬಗೆಯ ಬಿಳಿ ರಕ್ತಕಣ) ಒಪ್ಪಿಗೆ. ವೈರಸ್‌ನ ಎಲ್‌ಎಂಪಿ2ಎ ಅನ್ನುವ ಪ್ರೋಟೀನು ಮೊದಲನೆಯದರ ನಕಲು. ಎಲ್‌ಎಂಪಿ1 ಎರಡನೆಯದರ ನಕಲು. ಯಾವ ಶತ್ರುವೂ ಇಲ್ಲ, ಯಾವ ಟಿ ಕೋಶವೂ ಒಪ್ಪಿಲ್ಲ. ಆದರೂ ಎರಡೂ ಕಾಗದಕ್ಕೆ ಮೊಹರು ಬಿದ್ದಿದೆ. ಗಾಜಿನ ತಟ್ಟೆಯಲ್ಲಿ ಬಿ ಕೋಶಗಳಿಗೆ ಈ ವೈರಸ್ ಹಾಕಿದರೆ ಅವು ಸಾಯುವುದನ್ನೇ ಮರೆತು ಹೆಚ್ಚುತ್ತಾ ಹೋಗುತ್ತವೆ. ಲ್ಯಾಬ್‌ಗಳು ದಶಕಗಳಿಂದ ಇದೇ ಉಪಾಯದಿಂದ ಕೋಶಗಳನ್ನು ಸಾಕಿಕೊಂಡು ಬಂದಿವೆ.

ಮೈಯೊಳಗೆ ಹಾಗೆ ಆಗುವುದಿಲ್ಲ. ಅಲ್ಲಿ ಟಿ ಕೋಶಗಳು ಗಸ್ತು ತಿರುಗುತ್ತಿರುತ್ತವೆ. ವೈರಸ್‌ನ ಪ್ರೋಟೀನು ಹೊರಗೆ ತಲೆ ಹಾಕಿದ ಕೋಶವನ್ನು ಹಿಡಿದು ಕೊಲ್ಲುತ್ತವೆ. ವೈರಸ್‌ಗೂ ಇದು ಗೊತ್ತು. ಸ್ವಲ್ಪ ದಿನ ಕೋಶಗಳನ್ನು ಹೆಚ್ಚಿಸಿ, ಒಂದಷ್ಟು ನೆನಪಿನ ಕೋಶಗಳಲ್ಲಿ ಸೇರಿಕೊಂಡು, ತನ್ನ ಅಂಗಡಿಯ ಬಾಗಿಲು ಹಾಕಿ ಮಲಗುತ್ತದೆ. ಆರೋಗ್ಯವಂತರಲ್ಲಿ ಹತ್ತು ಲಕ್ಷ ಬಿ ಕೋಶಗಳಿಗೆ 1ರಿಂದ 50 ಕೋಶಗಳಲ್ಲಿ ಮಾತ್ರ ಅದು ಉಳಿದಿರುತ್ತದೆ. ಆಗೊಮ್ಮೆ ಈಗೊಮ್ಮೆ ಎದ್ದು ಒಂದಿಷ್ಟು ಮರಿಗಳನ್ನು ಎಂಜಲಿಗೆ ಬಿಟ್ಟು ಮತ್ತೆ ಮಲಗುತ್ತದೆ. ಮನುಷ್ಯ ಬದುಕಿದ್ದು ನಾಲ್ಕು ಜನರ ಜತೆ ಉಂಡು ಓಡಾಡಿದರೇ ಅದಕ್ಕೆ ಲಾಭ. ಕ್ಯಾನ್ಸರ್ ಬಂದು ಆತ ಸತ್ತರೆ ವೈರಸ್‌ಗೂ ದಾರಿ ಮುಗಿಯಿತು. ವೈರಸ್ ಬೇಕೆಂದೇ ಕ್ಯಾನ್ಸರ್ ಮಾಡುತ್ತದೆ ಅನ್ನುವ ಮಾತು ಅದಕ್ಕೇ ನನಗೆ ಸರಿ ಕಾಣುವುದಿಲ್ಲ. ವೈರಸ್‌ನ ಲೆಕ್ಕದಲ್ಲೂ ಅದು ಅಪಘಾತವೇ.

ಆ ಅಪಘಾತಕ್ಕೆ ಆಫ್ರಿಕಾದಲ್ಲಿ ಕೈ ಜೋಡಿಸಿದ್ದು ಮಲೇರಿಯಾ. ಫಾಲ್ಸಿಪ್ಯಾರಮ್ ಮಲೇರಿಯಾ ಮಗುವಿಗೆ ವರ್ಷಕ್ಕೆ ಹಲವು ಸಲ ಬರುವ ಕಡೆ ಬಿ ಕೋಶಗಳಿಗೆ ರಜೆಯೇ ಇರುವುದಿಲ್ಲ. ಸದಾ ಹೆಚ್ಚುತ್ತಾ, ಸದಾ ಡಿಎನ್‌ಎ ಕತ್ತರಿಸಿ ಹೊಲಿಯುತ್ತಾ ಇರಬೇಕು. ಆ ಕೆಲಸಕ್ಕೆ ಎಐಡಿ ಅನ್ನುವ ಕಿಣ್ವವೇ ಕತ್ತರಿ. ಕತ್ತರಿ ಜಾಸ್ತಿ ಆಡಿದಷ್ಟೂ ಕೈ ತಪ್ಪುವುದೂ ಜಾಸ್ತಿ. ಒಂದು ದಿನ 8ನೇ ಕ್ರೋಮೋಸೋಮಿನ ತುಂಡು ಹೋಗಿ 14ನೇದಕ್ಕೆ ಅಂಟಿಕೊಳ್ಳುತ್ತದೆ. ಆ ತುಂಡಿನಲ್ಲಿ ಮಿಕ್ ಅನ್ನುವ ಜೀನ್ ಇದೆ. ಕೋಶ ಹೆಚ್ಚಬೇಕೋ ಬೇಡವೋ ಅಂತ ಹೇಳುವ ಜೀನ್ ಅದು. ಹೋಗಿ ಕೂತದ್ದು ಪ್ರತಿಕಾಯದ ಜೀನ್ ಪಕ್ಕ. ಬಿ ಕೋಶದಲ್ಲಿ ಆ ಜಾಗ ಹಗಲೂ ರಾತ್ರಿ ಚಾಲೂ ಇರುತ್ತದೆ. ಮಿಕ್ ಕೂಡ ಚಾಲೂ ಆಯಿತು.

ಇಷ್ಟಾದರೂ ಕೋಶಕ್ಕೆ ಒಂದು ಕೊನೆಯ ಉಪಾಯ ಇರುತ್ತದೆ. ಮಿಕ್ ಹೀಗೆ ಹುಚ್ಚೆದ್ದರೆ ಕೋಶ ಆತ್ಮಹತ್ಯೆ ಮಾಡಿಕೊಳ್ಳುತ್ತದೆ. ವೈರಸ್ ಅಡ್ಡ ಬರುವುದು ಇಲ್ಲಿಯೇ. ತನ್ನ ಮನೆ ಉರಿದುಹೋಗಬಾರದಲ್ಲ, ಅದಕ್ಕೆ ಕೋಶವನ್ನು ಸಾಯಲು ಬಿಡುವುದಿಲ್ಲ. ಸಾಯಬೇಕಾದ ಕೋಶ ಬದುಕುತ್ತದೆ. ಒಂದೆರಡು ದಿನಕ್ಕೆ ಎರಡರಷ್ಟಾಗುವ ವೇಗದಲ್ಲಿ ಗಡ್ಡೆ ಬೆಳೆಯುತ್ತದೆ. ಮಲೇರಿಯಾ ಕತ್ತರಿ ಕೊಟ್ಟಿತು, ವೈರಸ್ ಸಾವನ್ನು ತಡೆಯಿತು. ನ್ಯೂಯಾರ್ಕಿನ ರಾಕಫೆಲರ್ ವಿಶ್ವವಿದ್ಯಾಲಯದವರು 2015ರಲ್ಲಿ ಇಲಿಗಳಲ್ಲಿ ತೋರಿಸಿದ್ದು ಇದರ ಮೊದಲ ಅರ್ಧವನ್ನು: ದೀರ್ಘಕಾಲ ಮಲೇರಿಯಾ ಇದ್ದರೆ ಎಐಡಿಯ ಕೆಲಸ ಹೆಚ್ಚಿ, ಬಿ ಕೋಶಗಳ ಡಿಎನ್‌ಎ ಕೆಟ್ಟು, ಲಿಂಫೋಮಾದ ದಾರಿ ತೆರೆಯುತ್ತದೆ. ಬರ್ಕಿಟ್ ನಕ್ಷೆಯಲ್ಲಿ ಕಂಡ ಸೊಳ್ಳೆ ಸುಳ್ಳಾಗಿರಲಿಲ್ಲ. ಅದು ಹೊತ್ತು ತರುತ್ತಿದ್ದದ್ದು ಮಾತ್ರ ಬೇರೆ.

ಟಿ ಕೋಶಗಳ ಗಸ್ತು ಎಷ್ಟು ಮುಖ್ಯ ಅನ್ನುವುದಕ್ಕೆ ಕಿಡ್ನಿ ಅಥವಾ ಲಿವರ್ ಕಸಿ ಮಾಡಿಸಿಕೊಂಡವರನ್ನು ನೋಡಬೇಕು. ಹೊಸ ಅಂಗವನ್ನು ಮೈ ತಿರಸ್ಕರಿಸದಿರಲಿ ಅಂತ ಅವರ ಟಿ ಕೋಶಗಳನ್ನು ಔಷಧಿ ಕೊಟ್ಟು ಮಂಕು ಮಾಡಿರುತ್ತಾರೆ. ಗಸ್ತು ನಿಂತಾಗ ಮಲಗಿದ್ದ ವೈರಸ್ ಅಂಗಡಿ ತೆರೆಯುತ್ತದೆ. ಕೆಲವರಲ್ಲಿ ಲಿಂಫೋಮಾ ಬರುತ್ತದೆ. ಆಗ ವೈದ್ಯರು ಮೊದಲು ಮಾಡುವ ಕೆಲಸ ಕೇಳಿದರೆ ಆಶ್ಚರ್ಯವಾಗುತ್ತದೆ. ಸಾಧ್ಯವಿದ್ದರೆ ಆ ಔಷಧಿಯ ಪ್ರಮಾಣ ಇಳಿಸುತ್ತಾರೆ. ಕೆಲವೊಮ್ಮೆ ಅಷ್ಟಕ್ಕೇ ಗಡ್ಡೆ ಕರಗುತ್ತದೆ. ಕಿಮೋ ಇಲ್ಲ, ಏನಿಲ್ಲ. ಅಷ್ಟಕ್ಕೂ ಜಗ್ಗದೆ, ಬೇರೆ ಚಿಕಿತ್ಸೆಗೂ ಬಗ್ಗದವರಿಗಾಗಿ, ಬೇರೆಯವರು ದಾನ ಮಾಡಿದ, ಈ ವೈರಸ್ಸನ್ನೇ ಗುರಿಯಿಟ್ಟು ತಯಾರು ಮಾಡಿದ ಟಿ ಕೋಶಗಳನ್ನು ಚುಚ್ಚುವ ಚಿಕಿತ್ಸೆಗೆ ಯುರೋಪ್ 2022ರ ಡಿಸೆಂಬರ್‌ನಲ್ಲಿ ಒಪ್ಪಿಗೆ ಕೊಟ್ಟಿತು. ಎಚ್‌ಐವಿ ಇರುವವರಲ್ಲಿ ಲಿಂಫೋಮಾ ಜಾಸ್ತಿ ಕಾಣುವುದರ ಹಿಂದೆಯೂ ಇದೇ ಸಂಗತಿ ಇದೆ. ಎಚ್‌ಐವಿ ತಾನು ಹೊಕ್ಕ ಟಿ ಕೋಶವನ್ನು ಕ್ಯಾನ್ಸರ್ ಮಾಡುವುದಕ್ಕಿಂತ ಕೊಲ್ಲುವುದೇ ಜಾಸ್ತಿ. ಗಸ್ತಿನವರು ಸತ್ತ ಮೇಲೆ ಬೇರೆ ವೈರಸ್‌ಗಳಿಗೆ ಹಬ್ಬ.

ಟಿ ಕೋಶವನ್ನೇ ಕ್ಯಾನ್ಸರ್ ಮಾಡುವ ವೈರಸ್ ಬೇರೆ ಇದೆ. ಅದರ ಹೆಸರು ಎಚ್‌ಟಿಎಲ್‌ವಿ-1, ಮನುಷ್ಯರಲ್ಲಿ ಸಿಕ್ಕ ಮೊದಲ ರೆಟ್ರೊವೈರಸ್, ಅಂದರೆ ತನ್ನ ಜೀನುಗಳನ್ನು ಕೋಶದ ಡಿಎನ್‌ಎಗೆ ಸೇರಿಸುವ ಜಾತಿಯ ವೈರಸ್. 1977ರಲ್ಲಿ ಜಪಾನಿನ ಕ್ಯೋಟೊದಲ್ಲಿ ಕಿಯೋಶಿ ತಕಾತ್ಸುಕಿ ಮತ್ತು ಸಂಗಡಿಗರು ವಯಸ್ಕರಲ್ಲಿ ಬರುವ ಒಂದು ಹೊಸ ಬಗೆಯ ರಕ್ತ ಕ್ಯಾನ್ಸರನ್ನು ಗುರುತಿಸಿದರು. ಕೋಶದ ನಡುವಣ ಬೀಜ ಹೂವಿನ ಎಸಳಿನಂತೆ ಸೀಳಿಕೊಂಡಿರುತ್ತಿತ್ತು. ಅವರು ಇನ್ನೂ ಒಂದು ಪ್ರಶ್ನೆ ಕೇಳಿದರು: ನಿಮ್ಮ ಹುಟ್ಟೂರು ಯಾವುದು? ಹೆಚ್ಚಿನವರು ದಕ್ಷಿಣದ ಕ್ಯೂಶು ಕಡೆಯವರು. ಇಲ್ಲೂ ನಕ್ಷೆಯೇ ಸುಳಿವು ಕೊಟ್ಟಿತು. 1980ರಲ್ಲಿ ಅಮೆರಿಕದ ರಾಬರ್ಟ್ ಗ್ಯಾಲೊ ಅವರ ಲ್ಯಾಬ್ ವೈರಸ್ಸನ್ನು ಹೊರತೆಗೆಯಿತು. ಮರುವರ್ಷ ಜಪಾನಿನ ಯೋರಿಯೊ ಹಿನುಮಾ ಆ ರೋಗಿಗಳಲ್ಲಿ ವೈರಸ್ ಇರುವುದನ್ನು ತೋರಿಸಿದರು.

ಈ ವೈರಸ್ ಇನ್ನೂ ಜಾಣ. ಹೊರಗೆ ಬಂದು ಬೇರೆ ಕೋಶ ಹುಡುಕುವ ಗೋಜಿಗೆ ಜಾಸ್ತಿ ಹೋಗುವುದಿಲ್ಲ. ತನ್ನ ಜೀನುಗಳನ್ನು ಟಿ ಕೋಶದ ಡಿಎನ್‌ಎಗೇ ಹೊಲಿದುಬಿಡುತ್ತದೆ. ಆಮೇಲೆ ಕೋಶ ಎರಡಾದರೆ ವೈರಸ್ಸೂ ಎರಡಾಯಿತು. ಹಾಗಾಗಿ ಕೋಶವನ್ನು ಹೆಚ್ಚಿಸುವುದೇ ಅದರ ಸಂಸಾರ. ಟ್ಯಾಕ್ಸ್ ಅನ್ನುವ ಪ್ರೋಟೀನಿನಿಂದ ಕೋಶವನ್ನು ಮುಂದಕ್ಕೆ ದೂಡುತ್ತದೆ. ಟ್ಯಾಕ್ಸ್ ಕಂಡರೆ ಉಳಿದ ಟಿ ಕೋಶಗಳು ಬಂದು ಬಡಿಯುತ್ತವೆ, ಆದ್ದರಿಂದ ಬೇಕಾದಾಗ ಅದನ್ನು ಅಡಗಿಸಿ ಎಚ್‌ಬಿಝಡ್ ಅನ್ನುವ ಸದ್ದಿಲ್ಲದ ಇನ್ನೊಂದರಿಂದ ಕೆಲಸ ನಡೆಸುತ್ತದೆ. ಹೀಗೆ ಹತ್ತಾರು ವರ್ಷ ನಡೆಯುತ್ತಾ ಡಿಎನ್‌ಎಯಲ್ಲಿ ತಪ್ಪುಗಳು ಕೂಡಿಕೊಳ್ಳುತ್ತವೆ. ಎಳೆಯ ಮಗುವಾಗಿದ್ದಾಗ ಸೋಂಕು ತಗುಲಿದವರಿಗೆ ಕ್ಯಾನ್ಸರ್ ಕಾಣಿಸಿಕೊಳ್ಳುವುದು ಅಜ್ಜ ಅಜ್ಜಿಯಾದ ಮೇಲೆ. ಅದೂ ಎಲ್ಲರಿಗಲ್ಲ, ನೂರರಲ್ಲಿ ಸುಮಾರು ಐವರಿಗೆ. ಉಳಿದವರಲ್ಲಿ ಬಹಳಷ್ಟು ಮಂದಿಗೆ ವೈರಸ್ ಇರುವುದೇ ತಿಳಿಯುವುದಿಲ್ಲ.

ಸೋಂಕು ಬರುವ ಮುಖ್ಯ ದಾರಿ ತಾಯಿಯ ಎದೆಹಾಲು. ಇದನ್ನು ಬರೆಯಲು ಕೈ ತಡೆಯುತ್ತದೆ, ಆದರೆ ಸತ್ಯ. ನಾಗಸಾಕಿ ಪ್ರಾಂತ್ಯದವರು 1987ರಿಂದ ಬಸುರಿಯರ ರಕ್ತ ಪರೀಕ್ಷೆ ಮಾಡಿ, ವೈರಸ್ ಇದ್ದವರಿಗೆ ಎದೆಹಾಲು ಬಿಟ್ಟು ಬಾಟಲಿ ಹಾಲು ಕೊಡಲು ಸಲಹೆ ಮಾಡಿದರು. ನೂರು ಮಕ್ಕಳಲ್ಲಿ ಸುಮಾರು 20ಕ್ಕೆ ತಗುಲುತ್ತಿದ್ದ ಸೋಂಕು ಎರಡು ಮೂರಕ್ಕೆ ಇಳಿಯಿತು. ಶುದ್ಧ ನೀರು, ಪುಡಿಹಾಲು ಎರಡೂ ಕೈಗೆಟಕುವ ಜಪಾನಿನಲ್ಲಿ ಇದು ಸರಿ. ಬಾಟಲಿಯ ನೀರಿನಿಂದಲೇ ವಾಂತಿಭೇದಿಯಾಗಿ ಮಕ್ಕಳು ಸಾಯುವ ಊರಿಗೆ ಇದೇ ಸಲಹೆ ಕೊಡಲು ಬರುವುದಿಲ್ಲ. ನಮ್ಮ ರಕ್ತನಿಧಿಗಳು ಕಡ್ಡಾಯವಾಗಿ ನೋಡುವುದು ಎಚ್‌ಐವಿ, ಎರಡು ಬಗೆಯ ಹೆಪಟೈಟಿಸ್, ಸಿಫಿಲಿಸ್ ಮತ್ತು ಮಲೇರಿಯಾ. ಎಚ್‌ಟಿಎಲ್‌ವಿ ಆ ಪಟ್ಟಿಯಲ್ಲಿಲ್ಲ.

ಇನ್ನೊಂದು ಘಟನೆಯಲ್ಲಿ ವೈರಸ್ಸನ್ನು ಒಳಗೆ ಬಿಟ್ಟವರು ವೈದ್ಯರೇ. ಹುಟ್ಟಿನಿಂದ ರೋಗನಿರೋಧಕ ಶಕ್ತಿಯೇ ಇಲ್ಲದ ಗಂಡುಮಕ್ಕಳಿಗೆ ಪ್ಯಾರಿಸ್‌ನ ನೆಕೆರ್ ಆಸ್ಪತ್ರೆಯಲ್ಲಿ 1999ರಿಂದ ಜೀನ್ ಚಿಕಿತ್ಸೆ ನಡೆಯಿತು. ಸರಿಯಾದ ಜೀನನ್ನು ಒಳಗೆ ಒಯ್ಯಲು ಇಲಿಯ ಒಂದು ರೆಟ್ರೊವೈರಸ್ಸನ್ನು ಪಳಗಿಸಿದ್ದರು. ಮಕ್ಕಳಿಗೆ ಟಿ ಕೋಶಗಳು ಬಂದವು, ಗಾಜಿನ ಕೋಣೆಯ ಹಂಗಿಲ್ಲದೆ ಮನೆಗೆ ಹೋದರು. ಸುಮಾರು ಮೂರು ವರ್ಷಕ್ಕೆ ಮೊದಲ ಇಬ್ಬರಲ್ಲಿ ಲ್ಯುಕೇಮಿಯಾ ಅನ್ನುವ ರಕ್ತ ಕ್ಯಾನ್ಸರ್ ಕಾಣಿಸಿತು. ಜೀನು ಹೋಗಿ ಕೂತದ್ದು ಎಲ್‌ಎಂಒ2 ಅನ್ನುವ, ಎಬ್ಬಿಸಬಾರದ ಜೀನಿನ ಪಕ್ಕ. ಪ್ಯಾರಿಸ್ ಮತ್ತು ಲಂಡನ್ ಸೇರಿ 20 ಮಕ್ಕಳಲ್ಲಿ 5 ಮಂದಿಗೆ ಹೀಗಾಯಿತು, ಒಬ್ಬ ತೀರಿಕೊಂಡ. ಎಲ್ಲಿ ಕೂರುತ್ತದೆ ಅನ್ನುವುದೇ ಮುಖ್ಯ ಅಂತ ಗೊತ್ತಾಗಲು ಇಷ್ಟು ಬೆಲೆ ತೆರಬೇಕಾಯಿತು.

ಇದು ಹಳೆಯ ಕಥೆ ಅಂದುಕೊಳ್ಳಬೇಡಿ. ಈಗ ಹೆಸರು ಮಾಡಿರುವ ಕಾರ್-ಟಿ ಚಿಕಿತ್ಸೆಯ ಬೇರು ಇದೇ. ರೋಗಿಯ ಟಿ ಕೋಶಗಳನ್ನು ಹೊರತೆಗೆದು, ಹಲ್ಲು ಕಿತ್ತ ವೈರಸ್ ಬಳಸಿ ಹೊಸ ಜೀನು ಸೇರಿಸಿ, ಕೆಟ್ಟ ಬಿ ಕೋಶಗಳ ಮೇಲೆ ಛೂ ಬಿಡುತ್ತಾರೆ. ಭಾರತದಲ್ಲಿ ಐಐಟಿ ಬಾಂಬೆ ಮತ್ತು ಟಾಟಾ ಸ್ಮಾರಕ ಆಸ್ಪತ್ರೆಯಲ್ಲಿ ರೂಪುಗೊಂಡ ಚಿಕಿತ್ಸೆಗೆ 2023ರಲ್ಲಿ ಅನುಮತಿ ಸಿಕ್ಕಿತು. ಬೆಂಗಳೂರಿನ ಇಮ್ಯೂನೀಲ್ ಕಂಪನಿ 2025ರಲ್ಲಿ ತನ್ನದನ್ನು ಬಿಡುಗಡೆ ಮಾಡಿತು. 2023ರ ನವೆಂಬರ್‌ನಲ್ಲಿ ಅಮೆರಿಕದ ಔಷಧ ನಿಯಂತ್ರಕರು ಒಂದು ಎಚ್ಚರಿಕೆ ಕೊಟ್ಟರು. ಆ ವರ್ಷದ ಕೊನೆಗೆ ಅವರ ಲೆಕ್ಕ: ಅಲ್ಲಿ ಕೊಟ್ಟ 27,000ಕ್ಕೂ ಹೆಚ್ಚು ಡೋಸ್‌ಗಳ ನಂತರ ಟಿ ಕೋಶದ ಕ್ಯಾನ್ಸರ್ ವರದಿಯಾದದ್ದು 22 ಮಂದಿಯಲ್ಲಿ. ಸಾವಿನ ಬಾಗಿಲಲ್ಲಿರುವವರಿಗೆ ಕೊಡುವ ಚಿಕಿತ್ಸೆಯ ಮುಂದೆ ಇದು ಸಣ್ಣ ಅಪಾಯ ಅನ್ನುವುದೇ ನನ್ನ ಅಭಿಪ್ರಾಯ. 2024ರಲ್ಲಿ ಸ್ಟ್ಯಾನ್‌ಫರ್ಡ್‌ನವರು ತಮ್ಮ 700ಕ್ಕೂ ಹೆಚ್ಚು ರೋಗಿಗಳನ್ನು ಜಾಲಾಡಿದಾಗ ಸಿಕ್ಕಿದ್ದು ಒಂದೇ ಒಂದು ಟಿ ಕೋಶದ ಲಿಂಫೋಮಾ. ಅದರಲ್ಲಿ ಚಿಕಿತ್ಸೆಗೆ ಬಳಸಿದ ವೈರಸ್‌ನ ಗುರುತಿರಲಿಲ್ಲ. ಇದ್ದದ್ದು ನಮ್ಮ ಹಳೆಯ ಪರಿಚಯದ ಎಪ್‌ಸ್ಟೀನ್-ಬಾರ್!

ಇಷ್ಟು ಓದಿ ರಕ್ತ ಪರೀಕ್ಷೆಗೆ ಓಡಬೇಡಿ. ಎಪ್‌ಸ್ಟೀನ್-ಬಾರ್ ಪ್ರತಿಕಾಯ ಇದೆ ಅಂತ ವರದಿ ಬಂದರೆ ನೀವೂ ಆ ತೊಂಬತ್ತಕ್ಕೂ ಹೆಚ್ಚಿನವರಲ್ಲಿ ಒಬ್ಬರು ಅಂತ ಅರ್ಥ, ಅಷ್ಟೇ. ಲಕ್ಷಣವಿಲ್ಲದೆ ಮಾಡಿಸಿದರೆ ದುಡ್ಡು ದಂಡ. ‘ಕ್ಯಾನ್ಸರ್ ಅಂಟುತ್ತದೆ’ ಅಂತ ವಾಟ್ಸಾಪ್‌ನಲ್ಲಿ ಬರುವ ಸಂದೇಶಗಳನ್ನು ದಯವಿಟ್ಟು ಮುಂದಕ್ಕೆ ಕಳಿಸಬೇಡಿ. ಅಂಟುವುದು ವೈರಸ್. ಲಿಂಫೋಮಾ ಇರುವವರ ಜತೆ ಒಂದೇ ತಟ್ಟೆಯಲ್ಲಿ ಉಂಡರೂ ಅವರ ಕ್ಯಾನ್ಸರ್ ನಿಮಗೆ ಬರುವುದಿಲ್ಲ.

ಲಸಿಕೆ ಯಾಕಿಲ್ಲ ಅನ್ನುವುದು ಮುಂದಿನ ಪ್ರಶ್ನೆ. ಪ್ರಯತ್ನ ನಡೆದಿದೆ. ಸಿಡಿ21 ಕೊಂಡಿಗೆ ಸಿಕ್ಕಿಕೊಳ್ಳುವ ವೈರಸ್‌ನ ಜಿಪಿ350 ಪ್ರೋಟೀನನ್ನೇ ಲಸಿಕೆ ಮಾಡಿ 181 ಯುವಜನರ ಮೇಲೆ ಪರೀಕ್ಷಿಸಿದ ಫಲಿತಾಂಶ 2007ರಲ್ಲಿ ಬಂತು. ಮೊನೊನ್ಯೂಕ್ಲಿಯೋಸಿಸ್ ಶೇಕಡಾ 78ರಷ್ಟು ತಗ್ಗಿತು, ಆದರೆ ವೈರಸ್ ಒಳಗೆ ಬರುವುದು ನಿಲ್ಲಲಿಲ್ಲ. ಕೆಲಸ ಅಲ್ಲಿಗೇ ತಣ್ಣಗಾಯಿತು. 2022ರಲ್ಲಿ ಹಾರ್ವರ್ಡ್‌ನವರು ಒಂದು ಕೋಟಿಗೂ ಹೆಚ್ಚು ಅಮೆರಿಕನ್ ಸೈನಿಕರ ದಾಖಲೆ ನೋಡಿ, ಈ ವೈರಸ್ ತಗುಲಿದ ಮೇಲೆ ಮಲ್ಟಿಪಲ್ ಸ್ಕ್ಲೆರೋಸಿಸ್ ಅನ್ನುವ ನರರೋಗದ ಅಪಾಯ 32 ಪಟ್ಟು ಹೆಚ್ಚುತ್ತದೆ ಅಂದರು. ಆಗ ಮತ್ತೆ ಬಿಸಿ ಹತ್ತಿತು. ಹೆಚ್ಚುಕಮ್ಮಿ ಅದೇ ಹೊತ್ತಿಗೆ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆ ಮತ್ತು ಮೊಡೆರ್ನಾ ಕಂಪನಿ ಹೊಸ ಲಸಿಕೆಗಳನ್ನು ಮನುಷ್ಯರಲ್ಲಿ ಪರೀಕ್ಷೆಗೆ ಇಳಿಸಿದವು. ಆಫ್ರಿಕಾದ ಮಕ್ಕಳ ದವಡೆ ಅರವತ್ತು ವರ್ಷ ಎಬ್ಬಿಸದ ಆಸಕ್ತಿಯನ್ನು ಶ್ರೀಮಂತ ದೇಶಗಳ ನರರೋಗ ಎಬ್ಬಿಸಿತು. ಇದನ್ನು ಕಹಿಯಿಂದಲೇ ಹೇಳುತ್ತಿದ್ದೇನೆ.

ಲಸಿಕೆ ಬಂದರೂ ಅದು ಕ್ಯಾನ್ಸರ್ ತಡೆಯುತ್ತದೆ ಅಂತ ತೋರಿಸುವುದು ಸುಲಭವಲ್ಲ. ಉಗಾಂಡದಲ್ಲಾಗಲಿ ನಮ್ಮಲ್ಲಾಗಲಿ ಮಕ್ಕಳಿಗೆ ಸೋಂಕು ತಗುಲುವುದು ಮೊದಲ ಕೆಲವು ವರ್ಷಗಳಲ್ಲೇ. ಲಸಿಕೆ ಅದಕ್ಕೂ ಮೊದಲು ಬೀಳಬೇಕು. ಹಾಡ್ಜ್‌ಕಿನ್ ಲಿಂಫೋಮಾದಂಥವು ಹಲವು ಸಲ ಬರುವುದು ಯೌವನದಲ್ಲಿ, ಅಲ್ಲಿಯವರೆಗೆ ಕಾಯಬೇಕು. ಬರ್ಕಿಟ್ ಲಿಂಫೋಮಾ ಆಫ್ರಿಕಾದಲ್ಲಿ ಹತ್ತು ವರ್ಷದೊಳಗೇ ಬರುವುದರಿಂದ ಮೊದಲ ಲೆಕ್ಕ ಅಲ್ಲಿಂದಲೇ ಸಿಗಬಹುದು. ಆದರೆ ಅದು ಲಕ್ಷ ಮಕ್ಕಳಲ್ಲಿ ಕೆಲವರಿಗೆ ಬರುವ ಕಾಯಿಲೆ. ಆ ಕೆಲವರ ಸಂಖ್ಯೆ ಇಳಿಯಿತು ಅಂತ ಹೇಳಬೇಕಾದರೆ ಲಕ್ಷಗಟ್ಟಲೆ ಮಕ್ಕಳಿಗೆ ಲಸಿಕೆ ಹಾಕಿ, ಬರ್ಕಿಟ್ ವ್ಯಾನಿನಲ್ಲಿ ಸುತ್ತಿದ ಅದೇ ಊರುಗಳ ಆಸ್ಪತ್ರೆಗಳಿಗೆ ವರ್ಷಗಟ್ಟಲೆ ಮತ್ತೆ ಮತ್ತೆ ಹೋಗಿ ದವಡೆಗಳನ್ನು ಎಣಿಸಬೇಕು.